ಕಾರ್ಬನ್ ತೆರಿಗೆಯ ಹಣ ಕೊನೆಗೆ ಸೇರುವುದು ಎಲ್ಲಿಗೆ?

ಪ್ರಶ್ನೆ: ಹವಾಮಾನ ಬದಲಾವಣೆಯನ್ನು ತಡೆಯಲು ಕಾರ್ಬನ್ ತೆರಿಗೆಯೇ ಸರಿಯಾದ ದಾರಿ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಪೆಟ್ರೋಲ್, ಸಿಲಿಂಡರ್, ಕರೆಂಟು ಎಲ್ಲವೂ ದುಬಾರಿಯಾದರೆ ಪೆಟ್ಟು ಬೀಳುವುದು ಬಡವರಿಗೆ ತಾನೆ? ಕೆನಡಾ ಈ ತೆರಿಗೆಯನ್ನು ಹಾಕಿ 2025ರಲ್ಲಿ ಕೈಬಿಟ್ಟಿತಂತೆ. ಅಂದ ಮೇಲೆ ಈ ಉಪಾಯವೇ ಸೋತಿದೆ ಎನ್ನಬಹುದಲ್ಲವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಂಧನ ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಪ್ರತಿ ಟನ್ನಿಗೆ ಇಷ್ಟು ಎಂದು ಹಾಕುವುದೇ ಕಾರ್ಬನ್ ತೆರಿಗೆ. ಅದರ ಹೊರೆಯನ್ನಷ್ಟೇ ನೋಡಿದರೆ ನಿಮ್ಮ ಆತಂಕ ಸರಿಯಾದದ್ದೇ. ಬಡ ಕುಟುಂಬವು ತನ್ನ ಆದಾಯದಲ್ಲಿ ಇಂಧನಕ್ಕೆ ಕೊಡುವ ಪಾಲು ದೊಡ್ಡದಾಗಿರುವ ಕಡೆ, ಇಂಧನದ ಬೆಲೆ ಏರಿದಾಗ ಮೊದಲು ಬಿಗಿಯಾಗುವುದು ಆ ಮನೆಯ ಖರ್ಚೇ. ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ಹಾಗೆ ಸಂಗ್ರಹವಾದ ಹಣ ಯಾರಿಗೆ ಮರಳುತ್ತದೆ ಎಂಬುದನ್ನೂ ನೋಡಿದ ಮೇಲೆಯೇ ಈ ತೆರಿಗೆ ಬಡವರ ವಿರುದ್ಧವೋ ಪರವೋ ಎಂದು ಹೇಳಲು ಸಾಧ್ಯ.

ತೆರಿಗೆಯ ಹಿಂದಿನ ತರ್ಕ ಸರಳವಾದದ್ದು. ಕಲ್ಲಿದ್ದಲನ್ನು ಸುಡುವವರು ಕಲ್ಲಿದ್ದಲಿನ ಬೆಲೆಯನ್ನು ಕೊಡುತ್ತಾರೆಯೇ ಹೊರತು ಅದರ ಹೊಗೆಯಿಂದಾಗುವ ಹಾನಿಯ ಬೆಲೆಯನ್ನಲ್ಲ. ಮಳೆಯ ಲೆಕ್ಕಾಚಾರ ತಪ್ಪಿ ಬೆಳೆ ಕಳೆದುಕೊಂಡವರು ಆ ಬೆಲೆಯನ್ನು ತೆರುತ್ತಾರೆ. ಒಬ್ಬರ ವ್ಯವಹಾರದಿಂದ ಹೊರಗಿನವರಿಗೆ ಆಗುವ ಇಂತಹ ಹಾನಿಯನ್ನು ತೆರಿಗೆಯ ಮೂಲಕ ಬೆಲೆಯೊಳಕ್ಕೆ ತರಬೇಕೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿಯೇ ವಾದಿಸಿದ್ದರು. 1991ರಿಂದ ಕಾರ್ಬನ್ ತೆರಿಗೆಯನ್ನು ವಿಧಿಸುತ್ತಿರುವ ಸ್ವೀಡನ್ ಅದನ್ನು ಹಂತಹಂತವಾಗಿ ಟನ್ನಿಗೆ 100 ಯೂರೊಗಿಂತ ಮೇಲಕ್ಕೆ ಏರಿಸಿದೆ. ಒಟ್ಟಾರೆ ನೋಡಿದರೆ ಈ ಅವಧಿಯಲ್ಲಿ ಆ ದೇಶದ ಆರ್ಥಿಕತೆ ಬೆಳೆದಿದೆ, ಹೊರಸೂಸುವ ಅನಿಲದ ಪ್ರಮಾಣ ಇಳಿದಿದೆ. ಉಪಾಯವೇ ಸೋತಿದೆ ಎನ್ನಲು ಇದು ಆಸ್ಪದ ಕೊಡುವುದಿಲ್ಲ.

ಇನ್ನು ಕೆನಡಾದ ವಿಷಯ. ತಮ್ಮದೇ ಆದ ವ್ಯವಸ್ಥೆ ಇಲ್ಲದ ಪ್ರಾಂತ್ಯಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರ 2019ರಲ್ಲಿ ಟನ್ನಿಗೆ 20 ಕೆನಡಾ ಡಾಲರಿನಂತೆ ಇಂಧನದ ಮೇಲೆ ಶುಲ್ಕವನ್ನು ಆರಂಭಿಸಿ, 2024ರ ಏಪ್ರಿಲ್ ಹೊತ್ತಿಗೆ 80 ಡಾಲರಿಗೆ ಏರಿಸಿತು. ಆಗ ಒಂದು ಲೀಟರ್ ಪೆಟ್ರೋಲಿನ ಮೇಲೆ ಬೀಳುತ್ತಿದ್ದದ್ದು ಸುಮಾರು 17.6 ಸೆಂಟ್. ಹೀಗೆ ಬಂದ ಹಣದಲ್ಲಿ ಸುಮಾರು ಶೇ. 90ರಷ್ಟನ್ನು ಸರ್ಕಾರ ಕುಟುಂಬಗಳಿಗೇ ಮರಳಿಸುತ್ತಿತ್ತು. ಮರುಪಾವತಿಯು ಕುಟುಂಬದ ಗಾತ್ರವನ್ನು ನೋಡುತ್ತಿತ್ತೇ ಹೊರತು ಆದಾಯವನ್ನಾಗಲಿ ಸುಟ್ಟ ಇಂಧನವನ್ನಾಗಲಿ ನೋಡುತ್ತಿರಲಿಲ್ಲ. 2024–25ರಲ್ಲಿ ಒಂಟಾರಿಯೊ ಪ್ರಾಂತ್ಯದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 1,120 ಡಾಲರ್ ಸಿಗುತ್ತಿತ್ತು. ದೊಡ್ಡ ಮನೆ, ಎರಡು ಮೂರು ಕಾರು ಇರುವವರು ತೆರಿಗೆಯನ್ನು ಹೆಚ್ಚು ಕಟ್ಟಿ ಅಷ್ಟೇ ಹಣ ಪಡೆಯುತ್ತಿದ್ದರು. ಬಸ್ಸಿನಲ್ಲಿ ಓಡಾಡುವವರು ಕಡಿಮೆ ಕಟ್ಟಿ ಅಷ್ಟೇ ಪಡೆಯುತ್ತಿದ್ದರು. ನೇರವಾಗಿ ಕಟ್ಟಿದ್ದು ಮತ್ತು ಪಡೆದದ್ದನ್ನು ಮಾತ್ರ ಹೋಲಿಸಿದಾಗ ಬಹುಪಾಲು ಕುಟುಂಬಗಳಿಗೆ ಲಾಭವೇ ಆಗಿತ್ತೆಂದು ಅಲ್ಲಿನ ಸಂಸತ್ತಿನ ಬಜೆಟ್ ಅಧಿಕಾರಿಯ ಕಚೇರಿಯೂ ಲೆಕ್ಕ ಹಾಕಿತ್ತು.

ಹಾಗಿದ್ದರೂ ಜನ ಅದನ್ನು ಒಪ್ಪಲಿಲ್ಲ. ಪ್ರತಿ ಬಾರಿ ಬಂಕಿಗೆ ಹೋದಾಗಲೂ ತೆರಿಗೆ ಕಣ್ಣಿಗೆ ಬೀಳುತ್ತಿತ್ತು, ಮರಳಿ ಬಂದ ಹಣ ಕಾಣುತ್ತಿರಲಿಲ್ಲ. ಮೊದಲ ಕೆಲವು ವರ್ಷ ಅದು ಆದಾಯ ತೆರಿಗೆಯ ಲೆಕ್ಕದೊಳಗೆ ಸೇರಿಹೋಗುತ್ತಿತ್ತು. 2022ರಿಂದ ಮೂರು ತಿಂಗಳಿಗೊಮ್ಮೆ ಖಾತೆಗೆ ಜಮೆಯಾಗತೊಡಗಿದ ಮೇಲೂ ಅನೇಕ ಬ್ಯಾಂಕುಗಳ ಪಾಸ್‌ಬುಕ್ಕಿನಲ್ಲಿ ಅದು ಯಾವುದರ ಹಣವೆಂದು ಸ್ಪಷ್ಟವಾಗಿ ನಮೂದಾಗುತ್ತಿರಲಿಲ್ಲ. ಇದರ ಮೇಲೆ 2023ರ ಅಕ್ಟೋಬರಿನಲ್ಲಿ, ಮನೆ ಬಿಸಿ ಮಾಡಲು ಬಳಸುವ ತೈಲಕ್ಕೆ ಸರ್ಕಾರ ಮೂರು ವರ್ಷಗಳ ವಿನಾಯಿತಿ ಕೊಟ್ಟಿತು. ಆ ತೈಲದ ಬಳಕೆ ಹೆಚ್ಚಾಗಿ ಇದ್ದದ್ದು ಪೂರ್ವ ಕರಾವಳಿಯ ಪ್ರಾಂತ್ಯಗಳಲ್ಲಿ. ಅನಿಲದಿಂದ ಮನೆ ಬಿಸಿ ಮಾಡಿಕೊಳ್ಳುವ ಉಳಿದವರು ನಮಗೇಕಿಲ್ಲ ಎಂದು ಕೇಳಿದಾಗ ಸರ್ಕಾರದ ಬಳಿ ಒಪ್ಪುವಂತಹ ಉತ್ತರ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ತೆರಿಗೆಯ ನೈತಿಕ ಬಲ ಕುಸಿದದ್ದು ಆ ದಿನವೇ. ಮಾರ್ಕ್ ಕಾರ್ನಿ ಪ್ರಧಾನಿಯಾದ ಕೂಡಲೇ, 2025ರ ಏಪ್ರಿಲ್ 1ರಿಂದ, ಬಳಕೆದಾರರ ಮೇಲಿನ ಶುಲ್ಕವನ್ನು ಸೊನ್ನೆಗೆ ಇಳಿಸಿದರು. ದೊಡ್ಡ ಕೈಗಾರಿಕೆಗಳ ಮೇಲಿನ ಕಾರ್ಬನ್ ಬೆಲೆ ಮಾತ್ರ ಮುಂದುವರಿಯಿತು.

ನಮ್ಮಲ್ಲಿಯೂ ಈ ಅನುಭವ ಹೊಸದಲ್ಲ. ಅಡುಗೆ ಅನಿಲದ ಸಿಲಿಂಡರಿಗೆ ಪೂರ್ತಿ ಬೆಲೆ ಕೊಡಿ, ಸಬ್ಸಿಡಿ ನಿಮ್ಮ ಖಾತೆಗೆ ಬರುತ್ತದೆ ಎಂದು ಹೇಳಲಾಗಿತ್ತು. 2020ರ ಮಧ್ಯದ ಹೊತ್ತಿಗೆ ಬಹುತೇಕ ಸಾಮಾನ್ಯ ಗ್ರಾಹಕರ ಖಾತೆಗೆ ಆ ಹಣ ಬರುವುದು ನಿಂತೇಹೋಯಿತು. ಇದನ್ನು ಕಂಡಿರುವ ಮನೆಯೊಡತಿಗೆ ‘ತೆರಿಗೆ ಕಟ್ಟಿ, ಮರಳಿಸುತ್ತೇವೆ’ ಎಂಬ ಭರವಸೆ ಸಾಕಾಗದು. ಮೊದಲು ಹಣ ಖಾತೆಗೆ ಬರಬೇಕು, ಅದರ ಹೆಸರು ಸ್ಪಷ್ಟವಾಗಿರಬೇಕು, ತೆರಿಗೆ ಆಮೇಲೆ ಬರಬೇಕು.

ಪ್ರಶ್ನೆ: ಭಾರತದಲ್ಲಿ ಕಾರ್ಬನ್ ತೆರಿಗೆ ಇದೆಯೇ? ಇದ್ದರೆ ಅದರ ಹಣ ಎಲ್ಲಿಗೆ ಹೋಗುತ್ತದೆ?
– ಓದುಗರೊಬ್ಬರು, ರಾಯಚೂರು

ಉತ್ತರ: ಆ ಹೆಸರಿನಲ್ಲಿ ಇಲ್ಲ. ಆದರೆ 2010ರ ಜುಲೈಯಿಂದ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಸೆಸ್ ಜಾರಿಗೆ ಬಂತು. ಅದು 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗೆ ಏರಿತು. ಒಂದು ಟನ್ ಕಲ್ಲಿದ್ದಲು ಉರಿದಾಗ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಹಿಡಿದರೆ, ಒಂದು ಟನ್ ಅನಿಲಕ್ಕೆ ನಾವು ಕಟ್ಟಿದ ಬೆಲೆ ಹೆಚ್ಚೆಂದರೆ 270 ರೂಪಾಯಿ. ಇಷ್ಟು ಕಡಿಮೆ ದರದ ಸೆಸ್ಸಿನ ನಿಜವಾದ ಬಲ ಇದ್ದದ್ದು ಅದು ತರುವ ಹಣದಲ್ಲಿ. ಆ ಹಣ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ಸೇರಿ, ಸೌರಶಕ್ತಿಯಂತಹ ಯೋಜನೆಗಳಿಗೆ ಹೋಗಬೇಕಿತ್ತು.

ಆದದ್ದೇ ಬೇರೆ. 2010–11ರಿಂದ 2017–18ರವರೆಗೆ ಸಂಗ್ರಹವಾದ ಸುಮಾರು 86,440 ಕೋಟಿ ರೂಪಾಯಿಗಳಲ್ಲಿ ನಿಧಿಗೆ ವರ್ಗವಾದದ್ದು ಸುಮಾರು 29,600 ಕೋಟಿ, ಯೋಜನೆಗಳಿಗೆ ನಿಜವಾಗಿ ಸಂದದ್ದು ಸುಮಾರು 15,900 ಕೋಟಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದೇ 400 ರೂಪಾಯಿ, ರಾಜ್ಯಗಳ ವರಮಾನ ನಷ್ಟವನ್ನು ತುಂಬಿಕೊಡುವ ಪರಿಹಾರ ಸೆಸ್ ಆಗಿ ಬದಲಾಯಿತು. 2025ರ ಸೆಪ್ಟೆಂಬರ್ 22ರಿಂದ ಆ ಸೆಸ್ಸೂ ಇಲ್ಲ, ಅದರ ಬದಲು ಕಲ್ಲಿದ್ದಲಿನ ಮೇಲಿನ ಜಿಎಸ್‌ಟಿ ಶೇ. 5ರಿಂದ ಶೇ. 18ಕ್ಕೆ ಏರಿದೆ. ಬೆಲೆಯ ಮೇಲೆ ಲೆಕ್ಕ ಹಾಕುವ ಜಿಎಸ್‌ಟಿ, ಒಂದೇ ತೂಕದ ಅಗ್ಗದ ಕಲ್ಲಿದ್ದಲಿಗೆ ಕಡಿಮೆ, ದುಬಾರಿ ಕಲ್ಲಿದ್ದಲಿಗೆ ಹೆಚ್ಚು ಬೀಳುತ್ತದೆ. ಎಷ್ಟು ಹೊಗೆ ಹೊರಬಿತ್ತು ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ನೀವು ರಾಯಚೂರಿನವರಾದ್ದರಿಂದ ಇನ್ನೊಂದು ಮಾತು. ಕಲ್ಲಿದ್ದಲು ದುಬಾರಿಯಾದರೆ ನಿಮ್ಮೂರಿನ ಶಾಖೋತ್ಪನ್ನ ಕೇಂದ್ರದ ವಿದ್ಯುತ್ತೂ ದುಬಾರಿಯಾಗುತ್ತದೆ. ಆದರೆ ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗೂ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್ಟಿಗೂ ಆ ಏರಿಕೆ ತಟ್ಟುವುದಿಲ್ಲ. ಆ ವಿದ್ಯುತ್ತಿನ ಹಣವನ್ನು ಎಸ್ಕಾಂಗಳಿಗೆ ಕೊಡಬೇಕಾದದ್ದು ರಾಜ್ಯದ ಬೊಕ್ಕಸ. ಅಂದರೆ ಕೇಂದ್ರ ಹಾಕುವ ಕಲ್ಲಿದ್ದಲು ತೆರಿಗೆಯ ಒಂದು ಪಾಲನ್ನು ರಾಜ್ಯ ಸರ್ಕಾರವೇ ಕಟ್ಟಿದಂತಾಗುತ್ತದೆ. ಆದ್ದರಿಂದ ಇಂತಹ ತೆರಿಗೆಯ ಚರ್ಚೆಯಲ್ಲಿ ರಾಜ್ಯಗಳ ಪಾಲಿನ ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಪ್ರಶ್ನೆ: ನಮ್ಮ ಉಕ್ಕಿನ ಮೇಲೆ ಯೂರೋಪ್ ಗಡಿಯಲ್ಲಿ ಕಾರ್ಬನ್ ಸುಂಕ ಹಾಕುವುದು ಅನ್ಯಾಯವಲ್ಲವೆ?
– ಓದುಗರೊಬ್ಬರು, ಸಂಡೂರು

ಉತ್ತರ: ಅನ್ಯಾಯದ ಅಂಶ ಖಂಡಿತ ಇದೆ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಲ್ಲಿದ್ದಲು ಸುಟ್ಟು ಶ್ರೀಮಂತವಾದ ದೇಶಗಳು, ಈಗಷ್ಟೇ ಕೈಗಾರಿಕೆ ಕಟ್ಟುತ್ತಿರುವ ದೇಶಗಳಿಂದ ಅದೇ ದರವನ್ನು ಕೇಳುತ್ತಿವೆ. ಸಂಗ್ರಹವಾದ ಹಣವನ್ನೂ ತಾವೇ ಇಟ್ಟುಕೊಳ್ಳುತ್ತವೆ. ಭಾರತ ಇದನ್ನು ವಿರೋಧಿಸುವುದು ಸರಿಯಾದದ್ದೇ.

ಆದರೆ ವಿರೋಧದ ಜೊತೆಗೇ ಮಾಡಬೇಕಾದ ಕೆಲಸವೊಂದಿದೆ. 2023ರ ಅಕ್ಟೋಬರಿನಲ್ಲಿ ವರದಿ ಸಲ್ಲಿಕೆಯಿಂದ ಶುರುವಾದ ಈ ವ್ಯವಸ್ಥೆಯಲ್ಲಿ 2026ರ ಜನವರಿಯಿಂದ ಹಣ ಕಟ್ಟುವ ಹೊಣೆಯೂ ಸೇರಿದೆ. ಒಂದು ಟನ್ ಉಕ್ಕಿಗೆ ನಮ್ಮ ದೇಶದ ಸರಾಸರಿ ಹೊರಸೂಸುವಿಕೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್. ಅದಿರನ್ನು ಕಲ್ಲಿದ್ದಲಿನ ಕೋಕ್ ಬಳಸಿ ಕರಗಿಸುವ ತೋರಣಗಲ್ಲಿನಂತಹ ಕಡೆಯ ಉಕ್ಕಿಗೆ ಇದು ಸಣ್ಣ ಸಂಗತಿಯಲ್ಲ. ತಯಾರಾದ ದೇಶದಲ್ಲಿಯೇ ಕಾರ್ಬನ್ನಿಗೆ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಯೂರೋಪ್ ಕೇಳುತ್ತದೆ. ಅಂದರೆ ಯೂರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗುವ ಹಣದ ಒಂದು ಭಾಗವನ್ನಾದರೂ ಇಲ್ಲಿಯೇ ಉಳಿಸಿಕೊಳ್ಳುವ ದಾರಿ ತೆರೆದಿದೆ. 2023ರ ಜೂನಿನಲ್ಲಿ ಕೇಂದ್ರ ಅಧಿಸೂಚಿಸಿದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಅತ್ತ ಇಟ್ಟ ಮೊದಲ ಹೆಜ್ಜೆ. ಒಟ್ಟು ಹೊಗೆಗೆ ಮಿತಿ ಹಾಕದೆ, ಪ್ರತಿ ಟನ್ ಉತ್ಪನ್ನಕ್ಕೆ ಇಷ್ಟೇ ಹೊಗೆ ಎಂಬ ಗುರಿಯನ್ನು ಅದು ಕೊಡುತ್ತದೆ. ಗುರಿಗಿಂತ ಕಡಿಮೆ ಹೊಗೆ ಬಿಟ್ಟ ಕಾರ್ಖಾನೆಗೆ ಕ್ರೆಡಿಟ್ ಸಿಗುತ್ತದೆ, ಗುರಿ ಮೀರಿದ ಕಾರ್ಖಾನೆ ಅದನ್ನು ಕೊಳ್ಳಬೇಕಾಗುತ್ತದೆ. ಬೆಳೆಯುತ್ತಿರುವ ದೇಶಕ್ಕೆ ಇದು ಒಪ್ಪುವ ಮಾದರಿಯೇ. ಆದರೆ ಕ್ರೆಡಿಟ್ಟಿನ ವಹಿವಾಟು ನಡೆಯುವುದು ಕಾರ್ಖಾನೆಗಳ ನಡುವೆ, ಸರ್ಕಾರಕ್ಕೆ ಅದರಿಂದ ತೆರಿಗೆಯಂತಹ ವರಮಾನ ಬರುವುದಿಲ್ಲ. ಗಣಿಯ ದೂಳನ್ನೂ ಕುಲುಮೆಯ ಹೊಗೆಯನ್ನೂ ನುಂಗುತ್ತಿರುವ ನಿಮ್ಮ ತಾಲ್ಲೂಕಿನ ಜನರಿಗಾಗಿ, ಕಾರ್ಖಾನೆಗಳನ್ನು ಹಸಿರು ದಾರಿಗೆ ತರುವುದಕ್ಕಾಗಿ ಮೀಸಲಿಟ್ಟ ಹಣ ಬೇಕೆಂದಾದರೆ, ಕ್ರೆಡಿಟ್ಟಿನ ಜೊತೆಗೆ ನೇರವಾದ ತೆರಿಗೆಯೊಂದನ್ನೂ, ಆ ಹಣ ಬೇರೆಡೆಗೆ ಹರಿಯದಂತೆ ಕಟ್ಟುಮಾಡುವ ಕಾನೂನನ್ನೂ ನಾವು ಕೇಳಬೇಕಾಗುತ್ತದೆ.