ನಸುಕಿನ ನಾಲ್ಕಕ್ಕೆ ವರದೆಯಲ್ಲಿ ಏನು ಕೆಲಸ?

ಹೊಳೆ, ಹಳ್ಳ, ಕೆರೆಯ ವಿಜ್ಞಾನದ ಬಗ್ಗೆ ಕೇಳಿ ಅಂದಿದ್ದೆ. ಪ್ರಶ್ನೆಗಳು ಬಂದಿವೆ, ಕೆಲವು ಬೈಗುಳದ ಜೊತೆಗೇ ಬಂದಿವೆ. ನಾನು ಹಾವೇರಿಯವಳು. ಸಿಹಿನೀರಿನ ಜೀವಿಗಳ ಮೇಲೆ ಕೆಲಸ ಮಾಡುತ್ತೇನೆ, ಹೆಚ್ಚಾಗಿ ವರದಾ ಮತ್ತು ತುಂಗಭದ್ರೆಯ ದಂಡೆಯಲ್ಲಿ. ಈ ಸಲ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಮೇಡಂ, ನಾನು ಬಿ.ಎಸ್ಸಿ. ಕೊನೇ ವರ್ಷ. ನದಿ ವಿಜ್ಞಾನಿ ಆಗಬೇಕು ಅಂತ ಆಸೆ. ನಮ್ಮವ್ವ "ಹೊಳಿ ನೋಡಾಕ ಪಗಾರ ಯಾರ ಕೊಡ್ತಾರ" ಅಂತ ನಗ್ತಾಳೆ. ದಿನಾ ನೀವು ಮಾಡೋದಾದ್ರೂ ಏನು?
— ವಿದ್ಯಾರ್ಥಿನಿ, ಸವಣೂರು

ನಿಮ್ಮವ್ವ ಕೇಳಿದ್ದು ಸರಿಯಾಗಿಯೇ ಇದೆ, ಪಗಾರದ ಮಾತಿಗೆ ಆಮೇಲೆ ಬರುತ್ತೇನೆ.

ಮೇ ತಿಂಗಳ ಒಂದು ದಿನ ಹೇಳುತ್ತೇನೆ. ನಸುಕಿನ ನಾಲ್ಕಕ್ಕೆ ಎದ್ದು, ಬೆಳಕು ಹರಿಯುವ ಮೊದಲು ವರದೆಯ ದಂಡೆಗೆ ಹೋಗಬೇಕು. ಮೇ ಹೊತ್ತಿಗೆ ವರದೆ ಹೆಚ್ಚಿನ ಕಡೆ ಹರಿಯುತ್ತಿರುವುದಿಲ್ಲ. ಅಲ್ಲಲ್ಲಿ ಮಡುಗಳು, ನಡುವೆ ಉಸುಕು. ಮಂಡಿಯುದ್ದ ನೀರಿಗಿಳಿದು 300 ಮಿಲಿಲೀಟರ್ ಗಾಜಿನ ಬಾಟಲಿಯನ್ನು ನೀರೊಳಗೇ ಮುಚ್ಚಬೇಕು, ಒಂದು ಗುಳ್ಳೆಯೂ ಒಳಗೆ ಉಳಿಯಬಾರದು. ಅದಕ್ಕೆ ಎರಡು ದ್ರಾವಣ ಹಾಕಿದರೆ ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ. ಬೆಳ್ಳಗೆ ಇಳಿದರೆ ಮುಗೀತು, ಆ ನೀರಲ್ಲಿ ಉಸಿರೇ ಇಲ್ಲ. ಈಗ ಮೀಟರ್ ಬಂದಿದೆ, ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಆದರೂ ಹೊಸಬರಿಗೆ ನಾನು ಬಾಟಲಿಯಲ್ಲೇ ಕಲಿಸುತ್ತೇನೆ, ಮೀಟರ್ ಸುಳ್ಳು ಹೇಳಿದಾಗ ಹಿಡಿಯಲು ಅದು ಬೇಕು.

ನಸುಕಿಗೇ ಯಾಕೆ? ಇದನ್ನು ನಾನು ಮುಖಭಂಗ ಮಾಡಿಕೊಂಡು ಕಲಿತೆ. ಎಂ.ಎಸ್ಸಿ. ಓದುವಾಗ ಒಂದು ಕೆರೆಯ ನೀರನ್ನು ಮಧ್ಯಾಹ್ನ ಒಂದು ಗಂಟೆಗೆ ಅಳೆದಿದ್ದೆ. ಲೀಟರಿಗೆ 11 ಮಿಲಿಗ್ರಾಂ ಆಮ್ಲಜನಕ! ಖುಷಿಯಿಂದ "ಆರೋಗ್ಯವಾಗಿದೆ" ಅಂತ ಬರೆದು ಕೊಟ್ಟೆ. ಎರಡೇ ದಿನಕ್ಕೆ ಮುಂಜಾನೆ ಕೆರೆ ತುಂಬ ಸತ್ತ ಮೀನು. ಆಗಿದ್ದೇನು ಅಂದರೆ, 30 ಡಿಗ್ರಿ ಬಿಸಿಯ ನೀರು ಸಹಜವಾಗಿ ಹಿಡಿದಿಡುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. 11 ಬಂತು ಅಂದರೇನೇ ಅನುಮಾನ ಪಡಬೇಕಿತ್ತು. ಚರಂಡಿ ನೀರುಂಡು ಬೆಳೆದ ಹಸಿರು ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಉಕ್ಕಿಸುತ್ತದೆ, ರಾತ್ರಿ ಅದೇ ಪಾಚಿ ಕೂತು ಆಮ್ಲಜನಕ ತಿನ್ನುತ್ತದೆ. ಬೆಳಗಿನ ಜಾವಕ್ಕೆ ಮೀನಿಗೆ ಏನೂ ಉಳಿದಿರುವುದಿಲ್ಲ. ಅಂಕಿ ಸರಿಯಾಗಿತ್ತು, ಹೊತ್ತು ತಪ್ಪಾಗಿತ್ತು. ಆವತ್ತಿನಿಂದ ಯಾರು ನೀರಿನ ರಿಪೋರ್ಟ್ ತಂದರೂ ನಾನು ಮೊದಲು ಕೇಳೋದು "ಎಷ್ಟು ಗಂಟೆಗೆ ತೆಗೆದದ್ದು?"

ಬಾಟಲಿ ಆದ ಮೇಲೆ ಬಲೆ. ಹರಿವು ಇರುವ ಕಡೆ ಕಾಲಿನಿಂದ ಕಲ್ಲು ಕೆದಕಿ, ಕೆಳಗಡೆ ಸಣ್ಣ ಕಣ್ಣಿನ ಬಲೆ ಹಿಡಿದರೆ ಹುಳುಗಳು ಬರುತ್ತವೆ. ಬಾಲಕ್ಕೆ ಮೂರು ಎಳೆ ಇರುವ, ಮೇಫ್ಲೈ ಅನ್ನುವ ಕೀಟದ ಮರಿ ಸಿಕ್ಕರೆ ನೀರು ಒಳ್ಳೇದು ಅಂತ ಲೆಕ್ಕ. ಬರೀ ಕೆಂಪು ರಕ್ತಹುಳು ಸಿಕ್ಕರೆ ಕೆಟ್ಟ ಸುದ್ದಿ. ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಇದೆ, ಉಸಿರಿಲ್ಲದ ಕೆಸರಲ್ಲೂ ಬದುಕುತ್ತದೆ. ಬಾಟಲಿ ಹೇಳುವುದು ಈ ಕ್ಷಣದ ಮಾತು. ಹುಳು ತಿಂಗಳುಗಟ್ಟಲೆ ಅಲ್ಲೇ ಇದ್ದದ್ದು, ಹೋದ ವಾರ ರಾತ್ರಿ ಯಾರೋ ಕದ್ದು ಬಿಟ್ಟ ಕೊಳಚೆಯ ಲೆಕ್ಕವೂ ಅದರ ಹತ್ತಿರ ಇರುತ್ತದೆ.

ಹತ್ತು ಗಂಟೆಗೆ ದಂಡೆಯ ಕೆಲಸ ಮುಗಿಯುತ್ತದೆ. ಉಳಿದ ದಿನ, ನಿಜ ಹೇಳಬೇಕೆಂದರೆ ಉಳಿದ ವಾರ, ಕಂಪ್ಯೂಟರ್ ಮುಂದೆ. ಮತ್ತೆ ಹರಗೋಲಿನವರ ಜೊತೆ ಮಾತು. ಬಾಳೆ ಮೀನು ಯಾವ ಮಡುವಿನಲ್ಲಿ ಬೇಸಿಗೆ ಕಳೆಯುತ್ತದೆ ಅನ್ನೋದನ್ನು ನನಗೆ ಹೇಳಿಕೊಟ್ಟದ್ದು ಯಾವ ಪ್ರೊಫೆಸರೂ ಅಲ್ಲ, ಗಳಗನಾಥದ ಹತ್ತಿರ, ವರದೆ ತುಂಗಭದ್ರೆಗೆ ಸೇರುವಲ್ಲಿ ಬಲೆ ಬೀಸುವ ಒಬ್ಬ ಅಜ್ಜ.

ಅಕ್ಕಾರ, ನಮ್ಮದು ರೋಣ ತಾಲೂಕು, ಬೆಣ್ಣಿಹಳ್ಳದ ದಂಡಿಗೆ ನಾಲ್ಕು ಎಕರೆ ಎರಿ ಹೊಲ. 2009ರಾಗ ಹೋತು, 2019ರಾಗ ಹೋತು. ಹಳ್ಳ ಆಳ ಮಾಡ್ರಿ, ನೆಟ್ಟಗ ಮಾಡ್ರಿ ಅಂದ್ರ ನಿಮ್ಮಂಥಾವ್ರು "ಪರಿಸರ" ಅಂತೀರಿ. ನಾವು ಮನಷ್ಯಾರಲ್ಲೇನ್ರಿ?
— ರೈತ, ರೋಣ ತಾಲೂಕು

ಸಿಟ್ಟು ನ್ಯಾಯವಾದದ್ದೇ, ಅಣ್ಣಾರ. ನೀರು ನಿಂತ ಹೊಲದಲ್ಲಿ ಕೂತು ಪರಿಸರದ ಪಾಠ ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಹಳ್ಳದ ಸ್ವಭಾವ ಸ್ವಲ್ಪ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ.

ಬೆಣ್ಣಿಹಳ್ಳ ಶಿಗ್ಗಾವಿ ತಾಲೂಕಿನ ದುಂಡಶಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದದ ಕಪ್ಪು ನೆಲ ದಾಟಿ, ನಿಮ್ಮ ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತದೆ. ದಾರಿಯಲ್ಲಿ ತುಪ್ಪರಿಹಳ್ಳವೂ ಬಂದು ಕೂಡುತ್ತದೆ. ನೆಲ ಅಂಗೈ ಹಾಗೆ ಸಪಾಟ. ಎರಿ ಮಣ್ಣಿನ ಗುಣ ನನಗಿಂತ ನಿಮಗೇ ಜಾಸ್ತಿ ಗೊತ್ತು: ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮೊದಲ ಮಳೆಯೆಲ್ಲ ಅದರೊಳಗೆ. ಒಮ್ಮೆ ನೆಂದು ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ಬಿದ್ದ ಮಳೆ ಒಳಗೆ ಇಳಿಯುವುದೇ ಕಷ್ಟ, ಬಹುಪಾಲು ಸೀದಾ ಹಳ್ಳಕ್ಕೆ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಬಂದ ಮಳೆ ಅಷ್ಟು ಹೊಡೆದದ್ದಕ್ಕೆ ಇದೂ ಒಂದು ಕಾರಣ. ಅದರ ಮೇಲೆ ಮಲಪ್ರಭೆ ಅದೇ ಹೊತ್ತಿಗೆ ತುಂಬಿದ್ದರೆ ಹಳ್ಳದ ನೀರು ಒಳಗೆ ಹೋಗಲು ಜಾಗ ಸಿಗದೆ ಹಿಂದಕ್ಕೆ ಒತ್ತುತ್ತದೆ. 2019ರ ಆಗಸ್ಟ್‌ನಲ್ಲಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ ನೀರಲ್ಲಿ ನಿಂತದ್ದು ನೋಡಿದ್ದೀರಿ. ಅಲ್ಲಿ ಉಕ್ಕಿದ್ದು ಮಲಪ್ರಭೆ.

ಈಗ ನೆಟ್ಟಗೆ ಮಾಡುವ ಮಾತು. ಅಂಕುಡೊಂಕು ತೆಗೆದರೆ ದಾರಿ ಗಿಡ್ಡ ಆಗುತ್ತದೆ, ಅಷ್ಟೇ ಇಳಿಜಾರು ಕಡಿಮೆ ದೂರದಲ್ಲಿ ಇಳಿಯಬೇಕು, ನೀರು ಓಡುತ್ತದೆ. ನವಲಗುಂದದವರಿಗೆ ಆರಾಮ. ಆದರೆ ಅಲ್ಲಿ ಎರಡು ದಿನ ಹೊಲದಲ್ಲಿ ಹರಡಿ ನಿಧಾನ ಬರುತ್ತಿದ್ದ ನೀರು ನಿಮ್ಮ ಹತ್ತಿರ ಒಂದೇ ಸಲ ಬರುತ್ತದೆ. ನೀವೋ ಹಳ್ಳದ ಕೊನೆಗೆ ಇದ್ದೀರಿ! ಮೇಲಿನವರು ನೆಟ್ಟಗೆ ಮಾಡಿಸಿಕೊಂಡರೆ ಮೊದಲು ತಕರಾರು ತೆಗೆಯಬೇಕಾದವರು ನೀವೇ, ನಾನಲ್ಲ. ಓಡುವ ನೀರು ದಂಡೆಯನ್ನೂ ಕೊರೆಯುತ್ತದೆ, ಎರಿ ದಂಡೆ ಹೋಳು ಹೋಳಾಗಿ ಕುಸಿಯುತ್ತದೆ.

ಹಾಗಂತ ಹಳ್ಳ ಮುಟ್ಟಲೇಬಾರದು ಅನ್ನುವವಳಲ್ಲ ನಾನು. ಹರಿವಿನ ನಡುವೆ ಬೆಳೆದು ಹೂಳು ಹಿಡಿದಿಟ್ಟ ಬಳ್ಳಾರಿ ಜಾಲಿ ತೆಗೀರಿ. ಸಣ್ಣ ಪೈಪಿನ ಸೇತುವೆಗಳನ್ನು ಒಡೆದು ಅಗಲವಾಗಿ ಕಟ್ಟಲಿ, ಅವು ಸೇತುವೆಯಲ್ಲ, ಒಡ್ಡು. ಒತ್ತುವರಿಯೂ ಹೋಗಬೇಕು. ಇವಿಷ್ಟಕ್ಕೆ ನನ್ನ ಸಹಿ ಇದೆ. ಬರೀ ಆಳ ಮಾಡಿ ಬಿಟ್ಟರೆ ಮಾತ್ರ ನಾಲ್ಕು ಮಳೆಗಾಲದಲ್ಲಿ ಮತ್ತೆ ಹೂಳು ತುಂಬುತ್ತದೆ, ಯಾಕೆಂದರೆ ಹೂಳು ಬರುತ್ತಿರುವುದು ಮೇಲಿನ ಹೊಲಗಳಿಂದ. ಅಲ್ಲಿ ಬದು, ಕೃಷಿಹೊಂಡ ಇಲ್ಲದೆ ಇಲ್ಲಿ ಜೆಸಿಬಿ ಇಳಿಸಿದರೆ ಲಾಭ ಜೆಸಿಬಿಯವನಿಗೆ. ನಮ್ಮ ವರದಾ ಕಡೆಯ ಕಥೆಯೂ ಬೇರೆ ಅಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದದ್ದು ಮಣ್ಣು. ಅದರಲ್ಲಿ ಹಾವೇರಿಯ ಹೊಲಗಳ ಪಾಲೂ ಇದೆ.

ನಿಮ್ಮ ನಾಲ್ಕು ಎಕರೆಯ ಬಗ್ಗೆ ನೇರವಾಗಿ ಹೇಳಬೇಕೆಂದರೆ, ದಂಡೆಗೆ ತಾಗಿದ ಪಟ್ಟಿಯನ್ನು ಮಳೆಗಾಲದ ಬೆಳೆಯಿಂದ ಬಿಡಿಸಿ, ಹೊಂಗೆ, ಲಕ್ಕಿ, ಹುಲ್ಲಿಗೆ ಕೊಟ್ಟು, ಹಿಂಗಾರಿಗೆ ಜೋಳ ಕಡಲೆ ಹಾಕುವುದು ಸುರಕ್ಷಿತ. ಹಿರಿಯರು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಅಲ್ವಾ? ಆದರೆ ಆ ಪಟ್ಟಿಯ ನಷ್ಟ ನೀವೊಬ್ಬರೇ ಹೊರಬೇಕು ಅನ್ನೋದು ಅನ್ಯಾಯ. ನೀರಿಗೆ ಜಾಗ ಬಿಟ್ಟ ರೈತನಿಗೆ ಸರ್ಕಾರ ವರ್ಷಾ ಇಷ್ಟು ಅಂತ ದುಡ್ಡು ಕೊಡಬೇಕು. ಪ್ರವಾಹ ಬಂದ ಮೇಲೆ ಪರಿಹಾರ ಕೊಡುವುದಕ್ಕಿಂತ ಅದು ಅಗ್ಗ ಅಂತ ನನ್ನ ಅಭಿಪ್ರಾಯ.

ಈ ಕೆಲಸಕ್ಕೆ ಈಜು ಬರಲೇಬೇಕಾ?
— ಹುಬ್ಬಳ್ಳಿಯಿಂದ ಒಬ್ಬರು

ಬರಬೇಕು. ಬಂದರೂ ಲೈಫ್ ಜಾಕೆಟ್ ಹಾಕಬೇಕು, ಒಬ್ಬರೇ ಇಳಿಯಬಾರದು. ತುಂಗಭದ್ರೆಯಲ್ಲಿ ಮೊಸಳೆ ಇವೆ. ಕಾಲಿಗೆ ಗಾಯ ಇದ್ದರೆ ಮಳೆಗಾಲದ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ಮೊಸಳೆಗಿಂತ ಜಾಸ್ತಿ ಜನರನ್ನು ಹಿಡಿಯುತ್ತದೆ.

ಮಗಳು ಪಿಯುಸಿ ಸೈನ್ಸ್. ಡಾಕ್ಟರ್, ಎಂಜಿನಿಯರ್ ಬೇಡ, ನದಿ ಅಂತಾಳೆ. ಏನು ಓದಿಸಬೇಕು, ಹೊಟ್ಟೆ ತುಂಬುತ್ತದೆಯೇ?
— ತಂದೆ, ಹಾವೇರಿ

ದಾರಿ ಒಂದೇ ಅಲ್ಲ. ಮೀನಿನ ಕಡೆ ಒಲವಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಬಿ.ಎಫ್.ಎಸ್ಸಿ. ಮಾಡಬಹುದು, ಸೇರಲು ಸಿಇಟಿ ಬರೆಯಬೇಕು. ಜೀವಿಗಳು ಇಷ್ಟ ಅಂದರೆ ಬಿ.ಎಸ್ಸಿ. ಮುಗಿಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಆಮೇಲೆ ಸಂಶೋಧನೆಗೆ ಸೇರಲು ನೆಟ್ ಪರೀಕ್ಷೆ, ಇಲ್ಲವೇ ಗೇಟ್ ಪರೀಕ್ಷೆಯಲ್ಲಿ ಎಕಾಲಜಿ ಅಂಡ್ ಎವಲ್ಯೂಷನ್ ಪೇಪರ್. ನೀರಿನ ಲೆಕ್ಕ, ಹರಿವು, ಪ್ರವಾಹ ಅಂದರೆ ಸಿವಿಲ್ ಎಂಜಿನಿಯರಿಂಗ್ ಮೂಲಕ ಹೋಗುವುದೇ ಚೆನ್ನ (ಮಗಳಿಗೆ ಈಗಲೇ ಹೇಳಬೇಡಿ, ಮುಖ ಸಿಂಡರಿಸುತ್ತಾಳೆ). ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇಲ್ಲೇ ಬೆಳಗಾವಿಯಲ್ಲಿದೆ, ಧಾರವಾಡದಲ್ಲಿ ನೀರು ಮತ್ತು ನೆಲದ ನಿರ್ವಹಣೆ ಕಲಿಸುವ ಸಂಸ್ಥೆ ವಾಲ್ಮಿ ಇದೆ. ಸುಮ್ನೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಕೇಂದ್ರ ಜಲ ಆಯೋಗದವರು ವರದೆಯ ಹರಿವು ಅಳೆಯುವ ಜಾಗ ನಿಮ್ಮ ಜಿಲ್ಲೆಯ ಮರೋಳದಲ್ಲೇ ಇದೆ.

ಹೊಟ್ಟೆಯ ಮಾತು. ಖಾಯಂ ಹುದ್ದೆ ಕಡಿಮೆ. ಮೊದಲ ಆರೇಳು ವರ್ಷ ಪ್ರಾಜೆಕ್ಟ್ ಮೇಲೆ ಪ್ರಾಜೆಕ್ಟ್, ಒಂದು ಮುಗಿಯುವ ಮೊದಲೇ ಇನ್ನೊಂದು ಹುಡುಕಬೇಕು. ನನಗೂ ಒಮ್ಮೆ ಐದು ತಿಂಗಳ ಸಂಬಳ ತಡವಾಗಿ ಬಂತು, ತವರಿನ ಜೋಳದ ಚೀಲದಿಂದ ದಿನ ದೂಡಿದೆ. ಹೆಣ್ಣುಮಕ್ಕಳಿಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ: ದಂಡೆಯ ಮೇಲೆ ಎಂಟು ತಾಸು ಕೆಲಸ, ಶೌಚಾಲಯ ಇಲ್ಲ. ನಾನು ಪ್ರತಿ ಊರಲ್ಲೂ ಮೊದಲು ಒಂದು ಮನೆಯವರ ಪರಿಚಯ ಮಾಡಿಕೊಳ್ಳುತ್ತೇನೆ. ಅವರ ಚಹಾ ಕುಡಿಯುತ್ತಾ ಕುಡಿಯುತ್ತಾ ಊರಿನ ಅರ್ಧ ಸುದ್ದಿ, ಹೊಳೆಯ ಪೂರ್ತಿ ಸುದ್ದಿ ಸಿಗುತ್ತದೆ. ಇಷ್ಟೆಲ್ಲ ಕೇಳಿಯೂ ಮಗಳು "ನದಿ" ಅಂದರೆ ಓದಿಸಿ.

ನಮ್ಮ ಶಾಲೆ ಶಿರಹಟ್ಟಿ ತಾಲೂಕಿನಲ್ಲಿದೆ. ಮಾಗಡಿ ಕೆರೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ, ಹಕ್ಕಿ ನೋಡಿ ಬರುತ್ತೇವೆ. ದುಡ್ಡಿಲ್ಲದೆ ಏನಾದರೂ ವಿಜ್ಞಾನ ಮಾಡಿಸಬಹುದೇ?
— ಶಿಕ್ಷಕರು, ಗದಗ ಜಿಲ್ಲೆ

ಧಾರಾಳವಾಗಿ, ಗುರುಗಳೇ. 2024ರಲ್ಲಿ ನಿಮ್ಮ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿದೆ, ಮಕ್ಕಳಿಗೆ ಅದು ಹೆಮ್ಮೆಯ ವಿಷಯ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ, ಹಗಲು ಕೆರೆಯಲ್ಲಿ ಕೂತು ಹಿಕ್ಕೆ ಹಾಕುತ್ತವೆ. ಅಂದರೆ ಹೊಲದ ಗೊಬ್ಬರ ಹಕ್ಕಿಯ ಹೊಟ್ಟೆಯಲ್ಲಿ ಕೆರೆಗೆ ಬರುತ್ತದೆ! ಆ ಗೊಬ್ಬರಕ್ಕೆ ಪಾಚಿ ಬೆಳೆದರೆ ನೀರು ಮಬ್ಬಾಗುತ್ತದೆ. ಹಾಗಾಗಿ ಹಕ್ಕಿ ಬರುವ ಮೊದಲು, ಇದ್ದಾಗ, ಹೋದ ಮೇಲೆ ನೀರಿನ ತಿಳಿ ಬದಲಾಗುತ್ತದೆಯೇ ಅಂತ ನೋಡಿಸಿ.

ಬೇಕಾದದ್ದು ಒಂದು ತಗಡಿನ ತಟ್ಟೆ, 20 ಸೆಂಟಿಮೀಟರ್ ಅಗಲದ್ದು. ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ, ಕಪ್ಪು, ಬಿಳಿ ಬಣ್ಣ ಹಚ್ಚಿ, ನಡುವೆ ತೂತು ಕೊರೆದು ಗಂಟು ಹಾಕಿದ ಹಗ್ಗ ಕಟ್ಟಿ, ಕೆಳಗೆ ಒಂದು ಕಲ್ಲು. 1865ರಲ್ಲಿ ಇಟಲಿಯ ಪಾದ್ರಿ ಸೆಕ್ಕಿ ಬಿಳಿ ತಟ್ಟೆ ಇಳಿಸಿ ಸಮುದ್ರದ ತಿಳಿ ಅಳೆದರು, ಕಪ್ಪು ಬಣ್ಣ ಆಮೇಲೆ ಸೇರಿತು, ಉಪಾಯ ಮಾತ್ರ ನಾವು ಈಗಲೂ ಅದನ್ನೇ ಬಳಸುತ್ತೇವೆ. ತಟ್ಟೆ ಎಷ್ಟು ಆಳಕ್ಕೆ ಕಾಣದಾಗುತ್ತದೆ, ಮೇಲೆ ಎಳೆಯುವಾಗ ಎಷ್ಟಕ್ಕೆ ಕಾಣುತ್ತದೆ, ಎರಡರ ಸರಾಸರಿ. ನೀರಿಗೆ ದೊಡ್ಡವರೇ ಇಳಿಯಲಿ, ಹಕ್ಕಿ ಇರುವ ದಿನಗಳಲ್ಲಿ ಅವುಗಳಿಂದ ದೂರದ ಏರಿಯ ಕಡೆಯಿಂದ ಮಾತ್ರ.

ಒಂದು ಉದ್ದ ನೋಟುಬುಕ್ಕು ಇಡಿ, ಪ್ರತಿ ತಿಂಗಳು ಒಬ್ಬ ಬೇರೆ ಹುಡುಗ ಅಥವಾ ಹುಡುಗಿ ಬರೆಯಲಿ. ದಿನಾಂಕದ ಪಕ್ಕ ಗಂಟೆಯ ಕಾಲಂ ಹಾಕುವುದನ್ನು ಮರೀಬೇಡಿ. ಒಂದು ವರ್ಷದ್ದು ಆದ ಮೇಲೆ ಪುಟಗಳ ಫೋಟೋ ನನಗೂ ಕಳಿಸಿ.