ಓದುಗರ ಪ್ರಶ್ನೆ: ಆಲ್ಬಂ ಕೆಲಸಕ್ಕೆ ಎಂಥ ಕಂಪ್ಯೂಟರ್ ಬೇಕು?

ಪ್ರಶ್ನೆ: ನಮ್ಮದು ಮದುವೆ ಆಲ್ಬಂ, ಆಮಂತ್ರಣ ಪತ್ರಿಕೆ ಡಿಸೈನ್ ಮಾಡುವ ಸ್ಟುಡಿಯೊ. ಈಗಿರುವುದು 8 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್. ನಾಲ್ಕೈದು ಶೀಟ್ ತೆರೆದರೆ ಫೋಟೋಶಾಪ್ ಹ್ಯಾಂಗ್ ಆಗುತ್ತದೆ. ಲ್ಯಾಬ್‌ನಿಂದ ಬರುವ ಪ್ರಿಂಟ್ ಯಾವಾಗಲೂ ಕಪ್ಪಗಿರುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಪಿಸಿ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಕೊಳ್ಳಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಬೇಡ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದಕ್ಕೂ ಗ್ರಾಫಿಕ್ಸ್ ಕಾರ್ಡ್ ಮದ್ದಲ್ಲ. ಆ ದುಡ್ಡನ್ನು ರ‍್ಯಾಮ್‌ಗೂ ಮಾನಿಟರ್‌ಗೂ ಹಾಕಿ.

12×36 ಇಂಚಿನ ಶೀಟ್ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 10,800×3,600 ಪಿಕ್ಸೆಲ್ ಆಗುತ್ತದೆ. ಶೀಟ್ ತುಂಬಿದ ಒಂದು ಲೇಯರ್‌ಗೇ, ಅಂದರೆ ಒಂದು ಪದರಕ್ಕೇ, 8 ಬಿಟ್‌ನಲ್ಲಿ (ಬಿಟ್ ಎಂದರೆ ಬಣ್ಣದ ವಿವರ ಎಷ್ಟು ಸೂಕ್ಷ್ಮ ಎಂಬ ಲೆಕ್ಕ) ಸುಮಾರು 117 ಎಂಬಿ ಬೇಕು, 16 ಬಿಟ್ ಆದರೆ ಅದರ ಇಮ್ಮಡಿ. ಅಂಥ ಹತ್ತು ಲೇಯರ್ ಕೂಡಿದರೆ ಒಂದು ಜಿಬಿ ದಾಟಿತು. ಮಾಡಿದ್ದನ್ನು ಹಿಂದಕ್ಕೆ ಪಡೆಯಲು (ಅಂಡೂ) ಇಟ್ಟುಕೊಳ್ಳುವ ಹಿಸ್ಟರಿ ಬೇರೆ. ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಮಿಕ್ಕಿದ್ದನ್ನು ಡಿಸ್ಕ್‌ಗೆ ಬರೆಯತೊಡಗುತ್ತದೆ. ಅದು ಹಾರ್ಡ್ ಡಿಸ್ಕ್ ಆಗಿದ್ದರೆ ಮೌಸ್ ಅಲುಗಿಸಲೂ ಕಾಯಬೇಕು. ಅನುಮಾನವಿದ್ದರೆ ವಿಂಡೋದ ಕೆಳಗಿನ ಪಟ್ಟಿಯಲ್ಲಿರುವ ಬಾಣ ಒತ್ತಿ ‘ಎಫಿಶಿಯೆನ್ಸಿ’ ಆರಿಸಿ. ಕೆಲಸದ ನಡುವೆ ಅದು ಪದೇ ಪದೇ 100ಕ್ಕಿಂತ ಕೆಳಗಿಳಿದರೆ ಕೊರತೆ ಇರುವುದು ರ‍್ಯಾಮ್‌ನದೇ.

32 ಜಿಬಿ ಹಾಕಿಸಿ, 16ರ ಎರಡು ಸ್ಟಿಕ್. ಒಂದೇ ಸ್ಟಿಕ್ ಆದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಸಾಗಿಸುವ ಡ್ಯುಯಲ್ ಚಾನೆಲ್ ವೇಗ ಸಿಗದು. ವಿಂಡೋಸ್, ಸಾಫ್ಟ್‌ವೇರ್ ಮತ್ತು ನಡೆಯುತ್ತಿರುವ ಕೆಲಸಕ್ಕೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ಬಲು ವೇಗದ ಸ್ಟೋರೇಜ್). ಮುಗಿದ ಆಲ್ಬಂಗಳು ಹಾರ್ಡ್ ಡಿಸ್ಕ್‌ಗೆ. ಪ್ರೊಸೆಸರ್ ಈಚಿನ ಐ5 ಅಥವಾ ರೈಜನ್ 5 ಆದರೂ ನಡೆಯುತ್ತದೆ. ಪ್ರತ್ಯೇಕ ಕಾರ್ಡ್ ಹಾಕಿಸದಿದ್ದರೆ, ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಬೇಡ, ಅದರಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. ಫೋಟೊ ತಿದ್ದುವ ಲೈಟ್‌ರೂಮ್‌ನ ಎಐ ಡಿನಾಯ್ಸ್ (ಫೋಟೊದ ಮರಳಿನಂಥ ಚುಕ್ಕಿ ತೆಗೆಯುವ ಸೌಲಭ್ಯ) ದಿನವೂ ಬಳಸುವವರಿಗೆ ಮಾತ್ರ 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ದುಡ್ಡಿಗೆ ಮೋಸವಿಲ್ಲ.

ಇನ್ನು ಕಪ್ಪು ಪ್ರಿಂಟ್. ಇದು ಬಹುತೇಕ ಮಾನಿಟರ್ ಬೆಳಕು ಅತಿಯಾದುದರ ಫಲ. ಪರದೆ ಝಗಝಗಿಸುತ್ತಿದ್ದರೆ ಫೋಟೊ ಬೆಳ್ಳಗಿದೆ ಎಂದು ತೋರುತ್ತದೆ, ನೀವು ಅದನ್ನು ತಗ್ಗಿಸುತ್ತೀರಿ, ಕಾಗದದ ಮೇಲೆ ಮುಖ ಕಪ್ಪಾಗುತ್ತದೆ. ಪ್ರಿಂಟ್ ಕೆಲಸಕ್ಕೆ 100ರಿಂದ 120 ನಿಟ್ಸ್ (ಪರದೆಯ ಬೆಳಕಿನ ಅಳತೆ) ಸಾಕು. ಪರದೆಯ ಬೆಳಕು, ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರ್ ಇಲ್ಲದಿದ್ದರೆ ಲ್ಯಾಬ್‌ನಿಂದ ಬಂದ ಒಂದು ಶೀಟನ್ನು ಬಿಳಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಕ್ಕಕ್ಕೆ ಹಿಡಿದು, ಅದೇ ಫೈಲ್ ತೆರೆದು, ಎರಡೂ ಒಂದೇ ಸಮ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಮಾನಿಟರ್ ಕೊಳ್ಳುವಾಗ ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ), 100% ಎಸ್‌ಆರ್‌ಜಿಬಿ (ಪರದೆ ತೋರಬಲ್ಲ ಬಣ್ಣಗಳ ವ್ಯಾಪ್ತಿಯ ಅಳತೆ) ಎಂದು ಬರೆದಿರುವುದನ್ನು ನೋಡಿ. ‘45% ಎನ್‌ಟಿಎಸ್‌ಸಿ’ (ಬಣ್ಣದ ವ್ಯಾಪ್ತಿಯ ಇನ್ನೊಂದು ಅಳತೆ) ಎಂದಿದ್ದರೆ ಬಿಟ್ಟುಬಿಡಿ, ಧಾರೆ ಸೀರೆಯ ಕೆಂಪು ಅದರಲ್ಲಿ ನಿಜವಾಗಿ ಕಾಣದು.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೆಯ ವರ್ಕ್‌ಸ್ಟೇಷನ್ (ಭಾರಿ ಕೆಲಸಕ್ಕೆಂದು ಮಾಡಿದ ಕಂಪ್ಯೂಟರ್) ಅಗ್ಗಕ್ಕೆ ಸಿಗುತ್ತದಂತೆ. ತರಬಹುದೇ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ತರಬಹುದಮ್ಮಾ, ಆದರೆ ಪ್ರೊಸೆಸರ್ ಎಷ್ಟನೇ ಜನರೇಷನ್ (ತಲೆಮಾರು) ಎಂದು ಕೇಳಿಯೇ ದುಡ್ಡು ಕೊಡಿ. ಕೆಲವು ಬಿಡಿ ಮಾದರಿಗಳನ್ನು ಬಿಟ್ಟರೆ, ಇಂಟೆಲ್ 8ನೇ ಜನರೇಷನ್‌ಗಿಂತ ಹಿಂದಿನವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ‘ಐ7’ ಎಂಬ ಸ್ಟಿಕ್ಕರ್ ಮಾತ್ರ ನೋಡಿ ಒಪ್ಪಬೇಡಿ. 4ನೇ ಜನರೇಷನ್ನಿನದಕ್ಕೂ ಅದೇ ಹೆಸರು.