90 ದಿನ ಕಳೆದ ಮೇಲೆ ಏನು?

ಪ್ರಶ್ನೆ: ಡಾಕ್ಟರೇ, ನನ್ನ 24 ವರ್ಷದ ಮಗ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯ ಚಟಕ್ಕೆ ಬಿದ್ದಿದ್ದಾನೆ. ಕಳೆದ ವರ್ಷ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಮೂರು ವಾರ ಇದ್ದು ಬಂದರೂ ಎರಡು ತಿಂಗಳಲ್ಲಿ ಮತ್ತೆ ಶುರು ಮಾಡಿದ. ಈಗ ಇನ್ನೊಂದು ಕೇಂದ್ರದವರು, 90 ದಿನ ಬಿಟ್ಟರೆ ಗುಣಪಡಿಸುವ ಖಾತರಿ ಕೊಡುತ್ತೇವೆ, ರಾತ್ರಿ ನಾವೇ ಗಾಡಿ ತಂದು ಕರೆದೊಯ್ಯುತ್ತೇವೆ, ಒಂದೂವರೆ ತಿಂಗಳು ಭೇಟಿಯೂ ಇಲ್ಲ, ಫೋನೂ ಇಲ್ಲ ಎನ್ನುತ್ತಾರೆ. ಕಳುಹಿಸಬಹುದೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಈ ಷರತ್ತುಗಳಿಗೆ ಒಪ್ಪಿ ದಯವಿಟ್ಟು ಕಳುಹಿಸಬೇಡಿ, ಅಮ್ಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನಿಗಳಿಗೂ ಅನ್ವಯಿಸುತ್ತದೆ. ಚಿಕಿತ್ಸೆಗೆ ಒಪ್ಪದವರನ್ನು ದಾಖಲಿಸಬೇಕಾದರೆ ಮನೋವೈದ್ಯರೂ ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಅದು ಅಗತ್ಯವೆಂದು ಹೇಳಬೇಕು, ಮೊದಲ ಅವಧಿ 30 ದಿನ ಮೀರಬಾರದು. ಮನೆಯವರನ್ನು ಭೇಟಿಯಾಗುವುದು, ಫೋನಿನಲ್ಲಿ ಮಾತನಾಡುವುದು ರೋಗಿಯ ಹಕ್ಕು.

ಇನ್ನು ಖಾತರಿಯ ಮಾತು. ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 40ರಿಂದ 60 ಮಂದಿ ಯಾವುದೋ ಹಂತದಲ್ಲಿ ಮರಳಿ ಬಳಸುತ್ತಾರೆ ಎಂಬುದು ತಜ್ಞರು ಸಾಮಾನ್ಯವಾಗಿ ಒಪ್ಪುವ ಅಂದಾಜು. ರಕ್ತದೊತ್ತಡ, ಅಸ್ತಮಾ ಮರುಕಳಿಸುವ ಪ್ರಮಾಣವೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ನಿಮ್ಮ ಮಗ ಮತ್ತೆ ಮಾತ್ರೆ ಹಿಡಿದದ್ದನ್ನು ಅವನ ಹಟವೆಂದಾಗಲಿ, ನಿಮ್ಮ ಸೋಲೆಂದಾಗಲಿ ಭಾವಿಸಬೇಡಿ. ಮೂರು ವಾರದಲ್ಲಿ ಬಹುಶಃ ಅವನಿಗೆ ಸಿಕ್ಕಿದ್ದು ಮೊದಲ ಹಂತದ ಆರೈಕೆ ಮಾತ್ರ. ಮಾತ್ರೆ ನಿಲ್ಲಿಸಿದಾಗ ಬರುವ ಮೈಕೈ ನೋವು, ಮೂಗು ಕಣ್ಣುಗಳಲ್ಲಿ ನೀರು, ಭೇದಿ, ನಿದ್ದೆಗೇಡು ಸುಮಾರು ಒಂದು ವಾರ, ಹತ್ತು ದಿನಗಳಲ್ಲಿ ತಗ್ಗುತ್ತವೆ; ಮಾತ್ರೆಯ ಸೆಳೆತ ತಿಂಗಳುಗಟ್ಟಲೆ ಉಳಿಯುತ್ತದೆ. ಅಪಾಯವೂ ಆಗಲೇ ಹೆಚ್ಚು: ಬಿಟ್ಟ ಮೇಲೆ ದೇಹದ ತಾಳಿಕೆ ಕುಗ್ಗಿರುವುದರಿಂದ ಹಿಂದಿನಷ್ಟೇ ಮಾತ್ರೆ ನುಂಗಿದರೂ ಉಸಿರು ನಿಲ್ಲಬಹುದು.

ಆದ್ದರಿಂದ ಯಾವ ಕೇಂದ್ರಕ್ಕೆ ಹೋದರೂ, ಬಿಡುಗಡೆಯಾದ ಮೇಲೆ ಏನು ಮಾಡುತ್ತೀರಿ ಎಂದು ಮೊದಲು ಕೇಳಿ. ಮನೋವೈದ್ಯರು ನಿಯಮಿತವಾಗಿ ಬರುತ್ತಾರೆಯೇ, ರಾತ್ರಿ ದಾದಿಯರಿರುತ್ತಾರೆಯೇ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಎಂಬುದನ್ನೂ ವಿಚಾರಿಸಿ. ಈ ಬಗೆಯ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಔಷಧವಿದೆ. ಅದನ್ನು ನುಂಗದೆ, ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗಲು ಬಿಡಬೇಕು. ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಒಂದು ಚಟಕ್ಕೆ ಇನ್ನೊಂದು ಚಟವೆಂದು ಇದನ್ನು ತಳ್ಳಿಹಾಕುವ ಕೇಂದ್ರಗಳಿವೆ, ಆ ನಿಲುವನ್ನು ನಾನು ಒಪ್ಪುವುದಿಲ್ಲ. ಔಷಧದಿಂದ ಸೆಳೆತ ಇಳಿದು ಹುಡುಗ ಕೆಲಸಕ್ಕೆ ಹೋಗುವಂತಾದರೆ ಆಪ್ತಸಮಾಲೋಚನೆಯೂ ಅವನಿಗೆ ನಾಟುತ್ತದೆ.

ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ಅಲ್ಲಿಂದ ಅಗತ್ಯವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಮಗ ಸದ್ಯಕ್ಕೆ ಬರಲು ಒಪ್ಪದಿದ್ದರೂ ನೀವೊಬ್ಬರೇ ಹೋಗಿ ವೈದ್ಯರ ಬಳಿ ಮಾತನಾಡಿ.